ಮುಚ್ಚಳದ ಮೇಲೆ ಕೂತ ಹೊಂಬಾಳಮ್ಮ

ಒಂದಾನೊಂದು ಊರಿನಲ್ಲಿ, ಕೇಳ್ರಪ್ಪ, ಎದುರಿಗೆ ಯಾರು ಸಿಕ್ಕರೂ "ಊಟ ಆಯ್ತಾ?" ಎಂದು ಕೇಳಲೇಬೇಕಿತ್ತು. ಎಮ್ಮೆ ಸಿಕ್ಕರೆ ಎಮ್ಮೆಯನ್ನು. ಕಂಬ ಸಿಕ್ಕರೆ ಕಂಬವನ್ನು. ಕೇಳದವರನ್ನು ಊರಾಚೆ ಬಿಟ್ಟು ಬರುತ್ತಿದ್ದರು. ಬಿಟ್ಟು ಬರುವಾಗಲೂ ಊಟ ವಿಚಾರಿಸಿಯೇ ಬರುತ್ತಿದ್ದರು. ಅಂಥಾ ಮರ್ಯಾದಸ್ಥರ ಊರು!

ಆ ಊರಿನ ಹೊಂಬಾಳಮ್ಮನಿಗೆ ಚುಕ್ಕಿ ಅಂತ ಒಂದು ಕೋಳಿ. ಚುಕ್ಕಿ ಮೊಟ್ಟೆಯನ್ನೇನೋ ಇಡುತ್ತಿತ್ತು, ಕಾವಿಗೆ ಮಾತ್ರ ಕೂರುತ್ತಿರಲಿಲ್ಲ. ಅದಕ್ಕೇ ಹೊಂಬಾಳಮ್ಮ ಒಂದು ಮರದ ಪೆಟ್ಟಿಗೆ ಮಾಡಿಸಿದಳು. ಒಳಗೊಂದು ಬಲ್ಬು ಉರಿಸಿ, ಒಂದು ಬಟ್ಟಲು ನೀರಿಟ್ಟು, ಮೊಟ್ಟೆ ಜೋಡಿಸಿ, ಮುಚ್ಚಳ ಮುಚ್ಚಿದಳು. ದಿನ ತುಂಬಿದಾಗ ಮರಿಗಳು ಒಳಗಿಂದ ಟಕ್ ಟಕ್ ಎಂದು ಕುಟುಕಿದವು. ಚಿಪ್ಪಿನಲ್ಲಿ ತೂತೂ ಬಿತ್ತು. ಆಮೇಲೆ ಸದ್ದೇ ಇಲ್ಲ! ಒಂದು ಮರಿಯೂ ಜೀವಂತ ಆಚೆ ಬರಲಿಲ್ಲ. ಎರಡನೇ ಸಲ ಇಟ್ಟಳು, ಹಾಗೇ ಆಯಿತು. ಮೂರನೇ ಸಲ ಇಟ್ಟಳು, ಅಷ್ಟರಲ್ಲಿ ಚುಕ್ಕಿಯನ್ನು ನರಿ ಹೊತ್ತೊಯ್ದಿತು. ಈ ಮೊಟ್ಟೆಗಳೂ ಹಾಳಾದರೆ ಚುಕ್ಕಿಯ ವಂಶವೇ ನಿರ್ವಂಶ. ಅವಕ್ಕೆ ದಿನ ತುಂಬುವ ಹೊತ್ತೂ ಬಂತು.

ಹೊಂಬಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೆಟ್ಟಿಗೆಯ ಮುಂದೆ ಪಂಚಾಯ್ತಿಗೆ ಕೂತಳು.

"ಬಲ್ಬಣ್ಣ, ಮರಿ ಯಾಕ್ ಸತ್ವು?"

"ನನ್ನ ಕೇಳ್ಬೇಡವ್ವ. ನಾನು ರೆಪ್ಪೆ ಮುಚ್ದೆ ಉರಿದಿದ್ದೀನಿ. ಬಟ್ಟಲನ್ನ ಕೇಳು."

"ಬಟ್ಟಲಪ್ಪ?"

"ಇದ್ದ ನೀರೆಲ್ಲ ಹಬೆಗೆ ಕೊಟ್ಟೆ. ಹಬೆನ ಕೇಳು."

"ಹಬೆಯಮ್ಮ?"

"ಮುಚ್ಚಳ ತೆಗೆದಾಗೆಲ್ಲ ನಾನು ಆಚೆ ಹಾರೋಗ್ತೀನಿ ಕಣವ್ವ. ನಾನಿಲ್ದಿದ್ರೆ ಚಿಪ್ಪಿನೊಳಗಿನ ಪೊರೆ ಒಣಗಿ ಮರಿ ಮೈಗೆ ಮೆತ್ಕೊಳ್ತದೆ. ಮಗ್ಗುಲು ತಿರುಗಾಕಾಗ್ದೆ ಸಾಯ್ತವೆ. ಮುಚ್ಚಳನ ಕೇಳು."

ಮುಚ್ಚಳಕ್ಕೆ ರೇಗಿಹೋಯಿತು. "ನನ್ನ ಕೇಳ್ತೀಯಾ? ಬೀದೀಲಿ ಹೋಗೋರೆಲ್ಲ ನನ್ನ ಎತ್ತಿ ಎತ್ತಿ ಮೊಟ್ಟೆಗಳ್ನ 'ಊಟ ಆಯ್ತಾ?' ಅಂತಾರೆ. ಎಲ್ಲರಿಗಿಂತ ಜಾಸ್ತಿ ನೀನೇ ಅಂದಿದ್ದೀಯ!"

ಹೊಂಬಾಳಮ್ಮ ನಾಲಿಗೆ ಕಚ್ಚಿಕೊಂಡಳು. ಎದ್ದವಳೇ ಮುಚ್ಚಳದ ಮೇಲೆ ಕೂತುಬಿಟ್ಟಳು!

"ಹಾರಿಹೋದ ಹಬೆ ಎಲ್ಲೈತೆ?" ಎಂದು ಕೂತಲ್ಲಿಂದಲೇ ಕೂಗಿದಳು.

"ದಿನಾ ಬಗ್ಗಿ ಇಣುಕೋ ಪಟೇಲರ ಮೀಸೇಲಿ," ಎಂದಿತು ಬಟ್ಟಲು.

ಪಟೇಲ ಸಿಂಗ್ರೇಗೌಡರು ಆಗತಾನೆ ಊಟ ವಿಚಾರಿಸಲು ಬಂದಿದ್ದರು. ಹೊಂಬಾಳಮ್ಮ ಗಬಕ್ಕನೆ ಅವರ ಮೀಸೆ ಹಿಡಿದು, ಮುಚ್ಚಳದ ಸಂದಿಗೆ ಬಗ್ಗಿಸಿ, ಎರಡು ಬಟ್ಟಲು ನೀರು ಹಿಂಡಿದಳು. ಮುಚ್ಚಳ ಮಾತ್ರ ಎತ್ತಗೊಡಲಿಲ್ಲ. ಪಟೇಲರು ಒಣ ಮೀಸೆ ಹೊತ್ತು ನೇರ ಅರಮನೆಗೆ ಓಡಿದರು.

ರಾಜ ಆನೆ ಸಮೇತ ಬಂದ! ಆನೆಯ ಊಟ ವಿಚಾರಿಸಿದ, ಹೊಸಿಲ ಊಟ ವಿಚಾರಿಸಿದ, ಆಮೇಲೆ ಗುಡುಗಿದ. "ನನ್ನ ರಾಜ್ಯದಲ್ಲಿ ಮೊಟ್ಟೆಗಳನ್ನು ಊಟ ಆಯ್ತಾ ಅಂತ ಕೇಳೋರಿಲ್ಲವೇ? ಏಳು ಮೇಲೆ! ಏಳದಿದ್ದರೆ ಗಡಿಪಾರು!"

ಅದೇ ಗಳಿಗೆಗೆ ಕೆಳಗಿನಿಂದ ಟಕ್. ಟಕ್ ಟಕ್! ಎದ್ದರೆ ಮರಿ ಹೋಯಿತು, ಏಳದಿದ್ದರೆ ಊರು ಹೋಯಿತು. ಹೊಂಬಾಳಮ್ಮ ಬಾಯಿಗೆ ಬಂದದ್ದನ್ನು ಕೇಳಿಬಿಟ್ಟಳು.

"ಬುದ್ಧೀ, ತಮ್ದು ಊಟ ಆಯ್ತಾ?"

ರಾಜ ಗರಬಡಿದವನಂತೆ ನಿಂತ. ಯಾವಾಗಲೂ ತಾನೇ ಮೊದಲು ಕೇಳುತ್ತಿದ್ದುದರಿಂದ ಅವನನ್ನು ಯಾರೂ ಕೇಳಿರಲೇ ಇಲ್ಲ. ಪಾಪ, ಹುಟ್ಟಿದಾಗಿನಿಂದ ಒಬ್ಬರೂ ಕೇಳಿರಲಿಲ್ಲ! ಅವನ ಕಣ್ಣಲ್ಲಿ ನೀರೇ ಬಂತು.

"ಆಯ್ತು ತಾಯಿ," ಎಂದು ನೆಲಕ್ಕೇ ಕೂತ. "ಮುದ್ದೆ, ಉಪ್ಸಾರು..."

"ಪಲ್ಯ, ಬುದ್ಧಿ?"

"ನುಗ್ಗೆಸೊಪ್ಪಿಂದು."

"ನಿನ್ನೆ ಏನುಂಡ್ರಿ?"

ರಾಜ ನಿನ್ನೆಯದು ಹೇಳಿದ. ಮೊನ್ನೆಯದು ಹೇಳಿದ. ಪಟ್ಟಾಭಿಷೇಕದ ಹೋಳಿಗೆ ಹೇಳಿದ, ಅದಕ್ಕೆ ತುಪ್ಪ ಕಡಿಮೆಯಾಗಿದ್ದುದನ್ನೂ ಹೇಳಿ ಬಿಕ್ಕಿದ. ಕೆಳಗೆ ಟಕ್ ಟಕ್, ಮೇಲೆ "ಆಮೇಲೆ, ಬುದ್ಧಿ?" ಆನೆ ನಿಂತಲ್ಲೇ ತೂಕಡಿಸಿತು. ಕೊನೆಗೆ ರಾಜ ತೊಟ್ಟಿಲಲ್ಲಿ ಕುಡಿದ ಹಾಲಿಗೆ ಬಂದು ತಲುಪಿದ. ಪೆಟ್ಟಿಗೆಯೊಳಗೆ ಚಿಂವ್! ಚಿಂವ್ ಚಿಂವ್! ಚಿಂವ್ ಚಿಂವ್ ಚಿಂವ್!

"ಬಂದ್ವು! ಎಲ್ಲಾನೂ ಬಂದ್ವು!" ಎಂದು ಹೊಂಬಾಳಮ್ಮ ಮುಚ್ಚಳದಿಂದ ಹಾರಿ ಕುಣಿದಳು. ರಾಜನಿಗೆ ತಡೆಯಲಾಗಲಿಲ್ಲ. ಗಬಕ್ಕನೆ ಮುಚ್ಚಳ ಎತ್ತಿ ಇಣುಕಿದ.

ಒಳಗೆ ಒದ್ದೆ ಮರಿಗಳು ಗಡಗಡ ನಡುಗುತ್ತಿದ್ದವು. ಎಲ್ಲಕ್ಕಿಂತ ಸಣ್ಣದು ಕತ್ತೆತ್ತಿ ರಾಜನನ್ನು ದುರುಗುಟ್ಟಿ ನೋಡಿತು.

"ಚಳಿ ಕಣೋ! ಮುಚ್ಚೋ!"

ರಾಜ ಎರಡೂ ಕೈಯಿಂದ, ಸದ್ದಾಗದ ಹಾಗೆ, ಮೆಲ್ಲಗೆ ಮುಚ್ಚಿದ. ಆಮೇಲೆ ತುದಿಗಾಲಲ್ಲಿ ನಡೆದು ಹೋದ. ಆನೆಯೂ ತುದಿಗಾಲಲ್ಲೇ ನಡೆಯಿತು.

ನೀತಿ ಏನಪ್ಪಾ ಅಂದರೆ, ಮರಿ ಹೇಳಿದ ಮೇಲೆ ಮುಗಿಯಿತು, ಅದರ ಮುಂದೆ ರಾಜಾಜ್ಞೆ ಇಲ್ಲ. ಈ ಕತೆಯೂ ಈಗಷ್ಟೇ ಚಿಪ್ಪೊಡೆದಿದೆ. ಮೈ ಒಣಗುವ ತನಕ ಯಾರೂ ಮುಟ್ಟಬೇಡಿ.