ಅರ್ಧ ಮಸಿಯ ಓಲೆ

ಆ ದಿನವೂ ಎಲ್ಲ ದಿನಗಳ ಹಾಗೆಯೇ ಇತ್ತು. ಹೊಳೆಯ ದಂಡೆಯ ಆಶ್ರಮದಲ್ಲಿ ಬೆಳಗಿನ ಗಂಜಿ ಮುಗಿದಿತ್ತು. ಹಸುಗಳನ್ನು ಮೇಯಲು ಬಿಟ್ಟಿದ್ದರು. ಸೋಮಯ್ಯ ಎಂಬ ಶಿಷ್ಯ ಜಗುಲಿಯ ಮೇಲೆ ಕುಳಿತು ತಾಳೆಯೋಲೆಗೆ ಮಸಿ ಹಚ್ಚುತ್ತಿದ್ದ.

ಅರ್ಧ ಓಲೆಗೆ ಹಚ್ಚಿದ ಮೇಲೆ ಎದ್ದ. "ಕೈ ತೊಳೆದುಕೊಂಡು ಬರುತ್ತೇನೆ" ಎಂದು ಹೊಳೆಗೆ ಇಳಿದ.

ಮೇಲೆ ಎಲ್ಲಿಯೋ ಮಳೆಯಾಗಿತ್ತು. ಆ ನೀರು ಆಗ ತಾನೇ ಅಲ್ಲಿಗೆ ಬಂದು ಮುಟ್ಟಿತ್ತು.

ಸೋಮಯ್ಯ ಮರಳಿ ಬರಲಿಲ್ಲ.

ಹೊಳೆಯ ನೆರೆ ಇಳಿದ ಮೇಲೆ ಅವನ ತಮ್ಮ ರೇವಯ್ಯ ಆಶ್ರಮಕ್ಕೆ ಬಂದ. ಅಲ್ಲಿಯ ಗುರುವನ್ನು ಎಲ್ಲರೂ ಅಜ್ಜಾರು ಎಂದು ಕರೆಯುತ್ತಿದ್ದರು. ರೇವಯ್ಯ ಅವರ ಪಾದ ಮುಟ್ಟಿ ನಿಂತ.

"ಅಣ್ಣ ಓದುತ್ತಿದ್ದ ಪುಸ್ತಕ ನನಗೆ ಕೊಡಿ, ಅಜ್ಜಾರೇ."

"ಯಾಕೆ ತಮ್ಮಾ?"

"ಅದನ್ನು ಮುಗಿಸದೆ ಮನೆಗೆ ಬರುವುದಿಲ್ಲ ಎಂದು ಅವ್ವನಿಗೆ ಮಾತು ಕೊಟ್ಟು ಬಂದಿದ್ದೇನೆ."

"ಅವ್ವ ಕೇಳಿದಳೇ?"

"ಇಲ್ಲ. ನಾನೇ ಹೇಳಿದೆ."

ಅಜ್ಜಾರು ಅವನ ಮುಖ ನೋಡಿದರು. ಒಳಗೆ ಹೋಗಿ ಓಲೆಯ ಕಟ್ಟನ್ನು ತಂದುಕೊಟ್ಟರು.

ಓಲೆಯ ಮೇಲೆ ಅಕ್ಷರಗಳನ್ನು ಕಬ್ಬಿಣದ ಮೊನೆಯಿಂದ ಕೊರೆಯುತ್ತಾರೆ. ಕೊರೆದದ್ದು ಹಾಗೆಯೇ ಕಣ್ಣಿಗೆ ಕಾಣುವುದಿಲ್ಲ. ಓಲೆ ಬರಿದಾಗಿರುವಂತೆ ತೋರುತ್ತದೆ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಅದರ ಮೇಲೆ ಸವರಬೇಕು. ಆಮೇಲೆ ಬಟ್ಟೆಯಿಂದ ಒರೆಸಬೇಕು. ಮಸಿ ಗೀರುಗಳಲ್ಲಿ ಮಾತ್ರ ಉಳಿಯುತ್ತದೆ. ಅಕ್ಷರ ಏಳುತ್ತದೆ.

ಬೇರೆ ಕಡೆ ಕೊರೆದವರೇ ಮಸಿ ಹಚ್ಚಿಡುತ್ತಾರೆ. ಈ ಆಶ್ರಮದಲ್ಲಿ ಹಾಗಿಲ್ಲ. ಓದುವವನೇ ಹಚ್ಚಿಕೊಳ್ಳಬೇಕು. ಒಂದು ಓಲೆಗೆ ಹಚ್ಚಬೇಕು, ಅದನ್ನು ಓದಬೇಕು, ಆಮೇಲೆ ಮುಂದಿನದಕ್ಕೆ ಕೈ ಹಾಕಬೇಕು.

ರೇವಯ್ಯ ಕಟ್ಟು ಬಿಚ್ಚಿದ. ನಡುವಿನವರೆಗೆ ಓಲೆಗಳಲ್ಲಿ ಅಕ್ಷರ ಎದ್ದಿತ್ತು. ನಡುವಿನ ಒಂದು ಓಲೆ ಅರ್ಧ ಮಾತ್ರ ಆಗಿತ್ತು. ಅದರಲ್ಲಿ ಪ್ರತಿ ಸಾಲೂ ಮಧ್ಯಕ್ಕೆ ಬಂದು ಬರಿದಾಗುತ್ತಿತ್ತು. ಅದರ ಕೆಳಗಿನವು ಎಲ್ಲ ಬರಿಯ ಓಲೆಗಳು.

"ಅಣ್ಣ ಇಲ್ಲಿಯವರೆಗೆ ಓದಿದ್ದಾನೆ" ಎಂದ ರೇವಯ್ಯ. "ಮುಂದಿನದು ನನ್ನದು. ಆದರೂ ಮೊದಲಿನಿಂದ ಓದುತ್ತೇನೆ. ಅವನು ಓದಿದ್ದೆಲ್ಲ ನನಗೂ ತಿಳಿಯಬೇಕು."

"ಓದು" ಎಂದರು ಅಜ್ಜಾರು.

ಅದು ಒಬ್ಬ ಅರಸನ ಕಾವ್ಯ. ಹಳೆಯ ಪದ್ಧತಿಯಂತೆ ಅದರಲ್ಲಿ ಹದಿನೆಂಟು ವರ್ಣನೆಗಳಿದ್ದವು. ಮೊದಲು ಸಮುದ್ರ. ಆಮೇಲೆ ಬೆಟ್ಟ. ಆಮೇಲೆ ಪಟ್ಟಣ. ಆಮೇಲೆ ಪಟ್ಟಣದ ಕೋಟೆ, ಕೋಟೆಗೋಡೆಯ ತಲೆಯ ಮೇಲಿನ ತೆನೆ, ತೆನೆಯ ಮೇಲೆ ಕುಳಿತ ಪಾರಿವಾಳ. ಅರಸ ಅರಮನೆಯ ಉಪ್ಪರಿಗೆಯ ಮೇಲೆ ನಿಂತಿದ್ದ. ನಿಂತೇ ಇದ್ದ.

ಅಡುಗೆಯ ನಾಗವ್ವ ದಿನವೂ ರೊಟ್ಟಿ ಹಾಕುವಾಗ ಕೇಳುತ್ತಿದ್ದಳು.

"ಅರಸ ಇವತ್ತಾದರೂ ಕೆಳಗೆ ಇಳಿದನೇನಪ್ಪಾ?"

"ಇಲ್ಲ ನಾಗವ್ವ. ಇವತ್ತು ಸೂರ್ಯೋದಯ."

"ನಿನ್ನೆಯೂ ಅದನ್ನೇ ಹೇಳಿದೆ."

"ನಿನ್ನೆ ಹೇಳಿದ್ದು ಚಂದ್ರೋದಯ."

"ಹಾಗಾದರೆ ಒಂದು ರಾತ್ರಿ ಕಳೆಯಿತು ಅನ್ನು. ಪಾಪ, ಊಟ ಮಾಡಿದನೋ ಇಲ್ಲವೋ."

ರೇವಯ್ಯ ನಗಲಿಲ್ಲ. ಆ ಪುಸ್ತಕವನ್ನು ನೋಡಿ ನಕ್ಕರೆ ಅಣ್ಣನನ್ನು ನೋಡಿ ನಕ್ಕಂತೆ ಎಂದು ಅವನ ಎಣಿಕೆ.

ಮಳೆಗಾಲ ಬಂದು ಹೋಯಿತು. ಓಲೆಯನ್ನು ಕೈಗೆತ್ತಿಕೊಂಡರೆ ಆಕಳಿಕೆ ಬರುತ್ತಿತ್ತು. ಆಕಳಿಸಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಎಷ್ಟು ಆಕಳಿಕೆಯದು, ಎಷ್ಟು ಬೇರೆಯದು ಎಂದು ಅವನಿಗೇ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಅರ್ಧ ಮಸಿಯ ಆ ಓಲೆಗೆ ಬಂದು ಮುಟ್ಟಿದ. ಮಧ್ಯದವರೆಗೆ ಓದಿದ. ಮುಂದೆ ಬರಿದು. ಮಸಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ. ಕೈ ಏಳಲಿಲ್ಲ.

ಅಜ್ಜಾರು ಹೊರಗೆ ಹಸುವಿನ ಮೈ ಉಜ್ಜುತ್ತಿದ್ದರು. ರೇವಯ್ಯ ಹೋಗಿ ನಿಂತ.

"ಅಜ್ಜಾರೇ, ಒಂದು ಮಾತು ಕೇಳಲೇ?"

"ಕೇಳು."

"ಈ ಪುಸ್ತಕ ನನಗೆ ರುಚಿಸುತ್ತಿಲ್ಲ."

"ಎಂದಿನಿಂದ?"

"ಬೆಟ್ಟದ ವರ್ಣನೆಯಿಂದ."

"ಅದು ಎರಡನೆಯದು."

"ಹೌದು."

ಅಜ್ಜಾರು ಹಸುವಿನ ಇನ್ನೊಂದು ಪಕ್ಕಕ್ಕೆ ಹೋದರು. ರೇವಯ್ಯನೂ ಹೋದ.

"ತಪ್ಪು ಪುಸ್ತಕದ್ದೋ, ನನ್ನದೋ?"

"ಬಾಗಿಲು ಗಿಡ್ಡವೋ, ಆಳು ಎತ್ತರವೋ? ಹಣೆಗೆ ಪೆಟ್ಟು ಬಿದ್ದವರೆಲ್ಲ ಇದನ್ನು ಕೇಳುತ್ತಾರೆ."

"ಅದಕ್ಕೆ ಉತ್ತರ ಏನು?"

"ಮೊದಲು ಹಣೆ ಉಜ್ಜಿಕೋ."

ರೇವಯ್ಯ ಹಸುವಿನ ಬೆನ್ನ ಮೇಲೆ ಕೈ ಇಟ್ಟ. ಆಮೇಲೆ ಮೆಲ್ಲಗೆ ಹೇಳಿದ: "ಬಿಟ್ಟುಬಿಡೋಣ ಅನಿಸುತ್ತದೆ. ಬಿಟ್ಟರೆ ಅಣ್ಣನನ್ನು ನಡುನೀರಿನಲ್ಲಿ ಬಿಟ್ಟು ಬಂದ ಹಾಗೆ ಆಗುತ್ತದೆ. ಅವ್ವನಿಗೆ ಹೇಗೆ ಮುಖ ತೋರಿಸಲಿ?"

ಅಜ್ಜಾರು ಕೈಯಲ್ಲಿದ್ದ ಹುಲ್ಲಿನ ಸಿಂಬೆಯನ್ನು ಕೆಳಗಿಟ್ಟರು.

"ಬಿಡಬಹುದು" ಎಂದರು. "ಇಲ್ಲಿ ಯಾವ ಪುಸ್ತಕವನ್ನಾದರೂ ಬಿಡಬಹುದು. ಆದರೆ ಒಂದು ಕಟ್ಟಳೆ ಇದೆ."

"ಯಾರೂ ಹೇಳಲಿಲ್ಲ."

"ಓದುವವನಿಗೆ ಅದು ಬೇಡ. ಬಿಡುವವನಿಗೆ ಮಾತ್ರ ಹೇಳುತ್ತೇವೆ. ಬಿಡುವವನು ಉಳಿದ ಓಲೆಗಳಿಗೆಲ್ಲ ಮಸಿ ಹಚ್ಚಿ ಬಿಡಬೇಕು."

"ಎಲ್ಲದಕ್ಕೂ?"

"ಕೊನೆಯವರೆಗೆ."

"ಓದದೆ?"

"ಓದದೆ. ನಿನಗೆ ಬೇಡವಾದದ್ದನ್ನು ಬರಿದಾಗಿ ಇಟ್ಟು ಹೋಗಬೇಡ. ನಿನ್ನ ಹಿಂದೆ ಬರುವವನಿಗೆ ಅಕ್ಷರ ಕಾಣಲಿ."

ರೇವಯ್ಯ ಜಗುಲಿಗೆ ಮರಳಿದ. ಅರ್ಧ ಮಸಿಯ ಓಲೆಯನ್ನು ಮಣೆಯ ಮೇಲೆ ಇಟ್ಟುಕೊಂಡ. ಬಟ್ಟೆಯ ತುದಿಯನ್ನು ಮಸಿಯಲ್ಲಿ ಅದ್ದಿದ. ಅಣ್ಣ ನಿಲ್ಲಿಸಿದ ಜಾಗಕ್ಕೆ ಸವರಿದ. ಒರೆಸಿದ.

ಸಾಲುಗಳು ಒಟ್ಟಿಗೆ ಮುಂದಕ್ಕೆ ಬಂದವು. ಅರ್ಧಕ್ಕೆ ನಿಂತಿದ್ದ ಪ್ರತಿಯೊಂದು ಸಾಲೂ ಓಲೆಯ ಅಂಚಿನವರೆಗೆ ನಡೆಯಿತು. ಅವು ಅಲ್ಲಿಯೇ ಇದ್ದವು. ಅಣ್ಣ ಎದ್ದು ಹೋದ ದಿನವೂ ಅಲ್ಲಿಯೇ ಇದ್ದವು.

ಅಣ್ಣನ ಮಸಿ ಎಲ್ಲಿ ಮುಗಿಯಿತು, ತನ್ನದು ಎಲ್ಲಿ ಶುರುವಾಯಿತು ಎಂದು ರೇವಯ್ಯ ಹುಡುಕಿದ. ಬೆಳಕಿಗೆ ಹಿಡಿದು ನೋಡಿದ. ಗುರುತು ಸಿಗಲಿಲ್ಲ.

ಆ ದಿನ ಅವನು ಬೇರೆ ಓಲೆ ಮುಟ್ಟಲಿಲ್ಲ.

ಮರುದಿನದಿಂದ ಕೆಲಸ ನಡೆಯಿತು. ಬರಿಯ ಓಲೆ ಬರುತ್ತಿತ್ತು, ಮಸಿ ಬೀಳುತ್ತಿತ್ತು, ಬಟ್ಟೆ ಓಡುತ್ತಿತ್ತು. ಏನೂ ಇಲ್ಲದ ಕಡೆಯಿಂದ ಅಕ್ಷರಗಳು ಏಳುತ್ತಿದ್ದವು. ಓದಬೇಕಾದ ಹಂಗು ಇರಲಿಲ್ಲ. ಅದಕ್ಕೇ ಏನೋ, ಮೊದಲ ಸಲ ಅವನು ಅಕ್ಷರಗಳನ್ನು ನೋಡಿದ. ಕೊಂಬುಗಳನ್ನು, ತಲೆಕಟ್ಟುಗಳನ್ನು, ಓಲೆಯ ನರ ಅಡ್ಡ ಬಂದಲ್ಲಿ ಮೊನೆ ತಗ್ಗಿ ದಾಟಿದ್ದನ್ನು.

"ಅರಸನ ಸುದ್ದಿ ಏನು?" ನಾಗವ್ವ ಕೇಳಿದಳು.

"ಇಳಿದ, ನಾಗವ್ವ."

"ಇಳಿದನೇ!" ಅವಳು ರೊಟ್ಟಿಯನ್ನು ಕೈಯಲ್ಲೇ ಹಿಡಿದು ನಿಂತಳು. "ಆಮೇಲೆ?"

"ಆನೆ ಹತ್ತಿದ ಹಾಗೆ ಕಂಡಿತು. ಸರಿಯಾಗಿ ನೋಡಲಿಲ್ಲ. ಆ ಓಲೆ ಒರೆಸಿ ಇಟ್ಟುಬಿಟ್ಟೆ."

"ಇಷ್ಟು ದಿನ ಕಾದವಳು ನಾನು" ಎಂದಳು ನಾಗವ್ವ. "ಒರೆಸಿ ಇಟ್ಟನಂತೆ." ಆ ದಿನ ಅವನಿಗೆ ಪಲ್ಯ ಕಡಿಮೆ ಬಿತ್ತು.

ಇನ್ನೊಂದು ದಿನ ರೇವಯ್ಯ ಒಂದು ಓಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಜ್ಜಾರ ಬಳಿಗೆ ಬಂದ. ಅವನ ದನಿ ಸಣ್ಣದಾಗಿತ್ತು.

"ಇಲ್ಲಿ ನೋಡಿ."

ಅಕ್ಷರಗಳು ಮೊದಲಿನಿಂದ ದುಂಡಗೆ ಬಂದಿದ್ದವು. ಮೂರನೆಯ ಸಾಲಿನಲ್ಲಿ ಒಂದು ಪದದ ನಡುವೆ ಅವು ಓರೆಯಾಗಿದ್ದವು. ಅಲ್ಲಿಂದ ಮುಂದೆ ಕೊನೆಯವರೆಗೂ ಓರೆ.

"ಬೇರೆ ಕೈ" ಎಂದರು ಅಜ್ಜಾರು.

"ಪದದ ನಡುವೆಯೇ?"

"ಹೌದು."

"ಮೊದಲಿನವರು ಏನಾದರು?"

"ಗೊತ್ತಿಲ್ಲ."

"ಎರಡನೆಯವರು ಯಾರು?"

"ಹೆಸರು ಕೊರೆದಿಲ್ಲ."

"ಅವರಿಗೆ ಈ ಕಾವ್ಯ ರುಚಿಸಿತ್ತೇ, ಅಜ್ಜಾರೇ?"

ಅಜ್ಜಾರು ಓಲೆಯನ್ನು ಕಣ್ಣ ಹತ್ತಿರ ತಂದರು. ದುಂಡು ಅಕ್ಷರಕ್ಕೂ ಓರೆ ಅಕ್ಷರಕ್ಕೂ ನಡುವೆ ಬೆರಳಿಟ್ಟರು.

"ನನಗೆ ಗೊತ್ತಿರುವುದು ಇಷ್ಟು" ಎಂದರು. "ಅರ್ಧ ಪದವನ್ನು ಯಾರೋ ಪೂರ್ತಿ ಮಾಡಿದ್ದಾರೆ."

ರೇವಯ್ಯ ಓಲೆಯನ್ನು ತಲೆಗೆ ಮುಟ್ಟಿಸಿಕೊಂಡು ಜಗುಲಿಗೆ ಹೋದ.

ಕೊನೆಯ ಓಲೆಗೆ ಮಸಿ ಹಚ್ಚಿದ ದಿನ ಅವನು ಕಟ್ಟನ್ನು ಹಲಗೆಗಳ ನಡುವೆ ಇಟ್ಟು ದಾರ ಸುತ್ತಿದ. ಅಜ್ಜಾರ ಮುಂದೆ ತಂದು ಇಟ್ಟ. ಪಕ್ಕದಲ್ಲಿ ಊರಿಗೆ ಹೊರಡುವ ಗಂಟೂ ಇತ್ತು.

"ಆಯಿತು ಅಜ್ಜಾರೇ. ಒಂದೂ ಬರಿದಿಲ್ಲ."

"ಒಳ್ಳೆಯದು."

"ಅವ್ವನಿಗೆ ನಿಜವನ್ನೇ ಹೇಳುತ್ತೇನೆ. ಓದಿ ಮುಗಿಸಲಿಲ್ಲ, ಬಿಟ್ಟೆ ಎನ್ನುತ್ತೇನೆ."

"ಹೇಳು."

ಅವನು ಏಳಲಿಲ್ಲ. ಉಗುರಿನ ಸಂದಿಯ ಮಸಿಯನ್ನು ನೋಡುತ್ತಾ ಕುಳಿತ.

"ಅಣ್ಣ ಅರ್ಧದವರೆಗೂ ಮನಸ್ಸಿಟ್ಟು ಓದಿದ. ಬದುಕಿದ್ದರೆ ಪೂರ್ತಿ ಓದುತ್ತಿದ್ದ. ಆ ತಾಳ್ಮೆ ನನಗೆ ಬರಲಿಲ್ಲ."

"ಅರ್ಧದವರೆಗೆ ಓದಿದ ಎಂದು ಯಾರು ಹೇಳಿದರು?"

"ಮಸಿಯೇ ಹೇಳುತ್ತದಲ್ಲ."

ಅಜ್ಜಾರು ದಾರ ಬಿಚ್ಚಿದರು. ಕಟ್ಟಿನ ಕೆಳಗಿನ ಅರ್ಧವನ್ನು ಎತ್ತಿ ಅವನಿಗೆ ತೋರಿಸಿದರು. ಅಕ್ಷರಗಳು ಕಪ್ಪಗೆ ಹೊಳೆಯುತ್ತಿದ್ದವು.

"ಇವನ್ನೆಲ್ಲ ನೀನು ಓದಿದೆಯಾ?"

ರೇವಯ್ಯನ ಕಣ್ಣು ಮೆಲ್ಲಗೆ ಕಟ್ಟಿನ ಮೇಲಿನ ಅರ್ಧಕ್ಕೆ ಹೋಯಿತು.

ಅಜ್ಜಾರು ಮೇಲಿನಿಂದ ನಾಲ್ಕು ಓಲೆಗಳನ್ನು ಬಿಡಿಸಿ ತೆಗೆದು ಅವನ ಅಂಗೈಯಲ್ಲಿ ಇಟ್ಟರು.

"ಸೋಮಯ್ಯ ಓದಿದ್ದು ಇಷ್ಟು."