ಡೀಲಿಯಾಳ ಗುಂಡಿ

ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಬಾಲಿಫೆರ್ನ ಎಂಬ ಸಣ್ಣ ಊರಿದೆ. ಊರ ಹಿಂದೆ ಒಂದು ಗುಡ್ಡ. ಸರ್ಕಾರದ ನಕ್ಷೆಯಲ್ಲಿ ಅದಕ್ಕೆ ಯಾವುದೋ ಸಂತನ ಹೆಸರು ಹಾಕಿದ್ದಾರೆ, ಆದರೆ ಊರಿನವರು ಅದನ್ನು ಕರೆಯುವುದು ಡೀಲಿಯಾಳ ಗುಂಡಿ ಎಂದೇ. ಹೊರಗಿನಿಂದ ಬಂದವರು ಗುಡ್ಡವೆಲ್ಲ ಸುತ್ತಿ, ಗುಂಡಿ ಎಲ್ಲಿ ಎಂದು ಕೇಳುತ್ತಾರೆ. ಗುಂಡಿ ಈಗ ಇಲ್ಲ. ಇರುವುದು ಸ್ಮಶಾನ, ನಡುವೆ ಒಂದು ಪಾಳು ಚರ್ಚು, ಸಮುದ್ರದ ಗಾಳಿಗೆ ಒಂದೇ ಕಡೆ ಬಾಗಿದ ಮುಳ್ಳುಮರಗಳು. ಭಾನುವಾರ ಪೂಜೆ ಮುಗಿದ ಮೇಲೆ ಜನ ನಾಯಿ ಕಟ್ಟಿಕೊಂಡು ಇಲ್ಲಿ ಅಡ್ಡಾಡುತ್ತಾರೆ. ಮನೆ ಬಾಡಿಗೆ ಏರಿದ್ದು, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದು, ಹಿಂದಿನ ದಿನದ ಆಟದಲ್ಲಿ ಊರಿನ ತಂಡ ಸೋತಿದ್ದು, ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ನಿಟ್ಟುಸಿರು ಬಿಡುತ್ತಾರೆ. ಹತ್ತೊಂಬತ್ತು ವರ್ಷದಿಂದ ಈ ಊರಿನ ಬಟ್ಟೆ ಒಗೆಯುವ ಅಂಗಡಿ ನನ್ನದು. ಅಲ್ಲೂ ಕೇಳುವುದು ಇದೇ ಮಾತು. ಸರ್ಕಾರ ಬದಲಾದರೂ ಮಾತು ಬದಲಾಗಿಲ್ಲ.

ಹಿಂದೆ ಒಮ್ಮೆ, ನೂರು ವರ್ಷದ ಆಚೆ, ಈ ಊರು ಎರಡಾಗಿತ್ತು. ಇಂಗ್ಲಿಷರೊಡನೆ ಆದ ಒಪ್ಪಂದವನ್ನು ಒಪ್ಪಿದವರು ಊರಿನ ಕೆಳಬೀದಿಯಲ್ಲಿ, ಒಪ್ಪದವರು ಮೇಲ್ಬೀದಿಯಲ್ಲಿ. ಇಂಗ್ಲಿಷರ ವಿರುದ್ಧ ಒಂದೇ ಬಂದೂಕನ್ನು ಸರದಿಯಲ್ಲಿ ಹೊತ್ತವರು ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದರು. ಜಗಳ ನಿಂತ ಮೇಲೂ ಮಾತು ಹುಟ್ಟಲಿಲ್ಲ. ಚರ್ಚಿನಲ್ಲಿ ಎಡಕ್ಕೆ ಇವರು, ಬಲಕ್ಕೆ ಅವರು ಕೂರುತ್ತಿದ್ದರು. ಹೆಂಡದಂಗಡಿ ಎರಡಾಯಿತು. ಇಸ್ಪೀಟು ಆಡಲು ಒಂದು ಕೈ ಕಡಿಮೆ ಬಿದ್ದರೆ ಆಟ ಬಿಟ್ಟು ಮನೆಗೆ ಹೋಗುತ್ತಿದ್ದರೇ ಹೊರತು ಎದುರು ಬೀದಿಯವನನ್ನು ಕರೆಯುತ್ತಿರಲಿಲ್ಲ. ಆ ಎರಡು ಗುಂಪುಗಳಿಂದ ಎರಡು ಪಕ್ಷಗಳು ಹುಟ್ಟಿದವು. ಈಗ ಅವೆರಡೂ ಪಕ್ಕಪಕ್ಕ ಕುಳಿತು ರಾಜ್ಯ ಆಳುತ್ತವೆ. ಅದನ್ನು ನೋಡಿ ಇಲ್ಲಿನ ಹಿರಿಯರಿಗೆ ಸಿಟ್ಟೂ ಬರುವುದಿಲ್ಲ, ನಗುವೂ ಬರುವುದಿಲ್ಲ.

ಆ ಕಾಲದಲ್ಲಿ ಎರಡೂ ಬೀದಿಗೆ ಬೇಕಾದವನು ಫೆಸ್ಟಿ ಟಾರ್ಪಿ ಒಬ್ಬನೇ. ಮನೆಗಳಿಗೆ ಹುಲ್ಲಿನ ಮಾಡು ಹೊದಿಸುವುದು ಅವನ ಕಸುಬು. ಮಳೆ ಸೋರುವ ಮಾಡಿಗೆ ರಾಜಕೀಯ ಇಲ್ಲವಷ್ಟೆ. ಹೆಂಡತಿ ಡೀಲಿಯಾ ಎರಡೂ ಬೀದಿಯ ಬಟ್ಟೆ ಒಗೆದು, ಮೊಟ್ಟೆ ಮಾರಿ, ತನ್ನ ದುಡಿಮೆಯಿಂದಲೇ ಮನೆಗೊಂದು ಕಲ್ಲಿನ ಕೋಣೆ ಕಟ್ಟಿಸಿದ್ದಳು. ಒಂದು ಮಾರ್ಚ್ ತಿಂಗಳಲ್ಲಿ ಫೆಸ್ಟಿ ಮೇಲ್ಬೀದಿಯ ಮಾರ್ಟಿ ಗಿಲ್ಡೇಯ ಮಾಡಿನಿಂದ ಜಾರಿ ಬಿದ್ದು ಸತ್ತ. ಡೀಲಿಯಾಳಿಗೆ ಮೂವರು ಸಣ್ಣ ಮಕ್ಕಳು.

ಇಲ್ಲಿ ಹೆಣ ಹೂಳುವ ಗುಣಿ ತೋಡುವುದು ನೆರೆಯವರ ಕೆಲಸ. ಮನೆಯವರು ಗುದ್ದಲಿ ಮುಟ್ಟಬಾರದು. ಯಾರು ತೋಡಬೇಕೆಂದು ಯಾರೂ ಹೇಳುವ ಪದ್ಧತಿಯೂ ಇಲ್ಲ, ನೆರೆಯವರು ತಾವಾಗಿ ಹೋಗುತ್ತಾರೆ. ಹಾಗೆಯೇ ಆ ದಿನ ಕೆಳಬೀದಿಯವರು ಹೋಗಿ ಗುಡ್ಡದ ಬುಡದಲ್ಲಿ ತೋಡಿದರು. ಮೇಲ್ಬೀದಿಯವರು ಹೋಗಿ ನೆತ್ತಿಯಲ್ಲಿ ತೋಡಿದರು. ನಡುವೆ ಪಾಳು ಚರ್ಚಿನ ಗೋಡೆ. ಗುದ್ದಲಿಯ ಸದ್ದು ಎರಡೂ ಕಡೆ ಕೇಳಿತ್ತು, ಆದರೆ ಅದೇನೆಂದು ಕೇಳಲು ಯಾರೂ ಬಾಯಿ ಬಿಡಲಿಲ್ಲ. ಶವಪೆಟ್ಟಿಗೆ ಬಂದಾಗ ಹೆಣ ಒಂದು, ಗುಣಿ ಎರಡು. ತೋಡಿದ ಗುಣಿಯನ್ನು ಬರಿದೆ ಮುಚ್ಚುವಂತಿರಲಿಲ್ಲ. ಮುಚ್ಚಿದರೆ ವರ್ಷದೊಳಗೆ ತೋಡಿದವರ ಮನೆಯಿಂದಲೇ ಅದು ಒಬ್ಬರನ್ನು ಕೇಳುತ್ತದೆ ಎನ್ನುತ್ತಾರೆ. ಗಂಡನನ್ನು ಯಾವ ಬೀದಿಯವರ ಗುಣಿಯಲ್ಲಿ ಮಲಗಿಸಿದರೆ ಡೀಲಿಯಾ ಆ ಬೀದಿಯವಳು. ಇನ್ನೊಂದು ಬೀದಿಯ ಬಟ್ಟೆ ಮರುದಿನದಿಂದ ಅವಳ ಬಾಗಿಲಿಗೆ ಬರುವುದಿಲ್ಲ. ಇದು ಅವಳಿಗೂ ಗೊತ್ತಿತ್ತು, ಸುತ್ತ ನಿಂತವರಿಗೂ ಗೊತ್ತಿತ್ತು.

"ಮೇಲಕ್ಕೆ ತನ್ನಿ. ಅವನು ಕಡೆಯದಾಗಿ ಹೊದಿಸಿದ್ದು ನನ್ನ ಮಾಡು," ಎಂದ ಮಾರ್ಟಿ.

ಕೆಳಬೀದಿಯ ಥೇಡಿ ಕಾನ್‌ರಾಯ್ ಅವನ ಕಡೆ ತಿರುಗದೆ ಪಾದ್ರಿಗೆ ಹೇಳಿದ: "ಫಾದರ್, ಆ ಮನುಷ್ಯನಿಗೆ ಹೇಳಿ, ಫೆಸ್ಟಿ ಬಿದ್ದದ್ದೂ ಅದೇ ಮಾಡಿನಿಂದ."

"ಸಾಕು ಮಾಡ್ರೋ," ಎಂದಳು ಡೀಲಿಯಾ. "ಬದುಕಿದ್ದಾಗ ಅವನಿಗೊಂದು ಲೋಟ ಬಿಯರ್ ಕೊಡಿಸೋಕೆ ನಿಮ್ಮಲ್ಲಿ ಯಾರಿಗೂ ಕೈ ಬರಲಿಲ್ಲ. ಈಗ ಒಂದಲ್ಲ, ಎರಡು ಗುಂಡಿ!" ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಫೆಸ್ಟಿ ಕೆಳಗಿರಲಿ, ಹತ್ತಿ ಹತ್ತಿ ಸಾಕಾಗಿದೆ ಅವನಿಗೆ. ಮೇಲಿನದು ನನ್ನದು. ಮುಚ್ಚಬೇಡಿ," ಎಂದಳು.

"ಡೀಲಿಯಾ, ನಿನಗಿನ್ನೂ ಮೂವತ್ತನಾಲ್ಕು," ಎಂದರು ಪಾದ್ರಿ.

"ಅದಕ್ಕೇನು ಮಾಡಲಿ, ಫಾದರ್? ನಾನು ಬರೋವರೆಗೆ ಅದನ್ನು ಒಣಗಿಸಿಡೋದು ತೋಡಿದವರ ಕೆಲಸ."

ಅವಳು ಮೂವತ್ತೊಂದು ವರ್ಷ ಬದುಕಿದಳು. ಎರಡೂ ಬೀದಿಯ ಬಟ್ಟೆ ಬರುತ್ತಲೇ ಇತ್ತು. ಗುಂಡಿಗೆ ಹಲಗೆ ಮುಚ್ಚಿದರು. ಮಳೆಗಾಲವೆಂದು ಬೇರೆ ಇಲ್ಲದ ಈ ದೇಶದಲ್ಲಿ ಅದು ಪ್ರತಿ ವರ್ಷ ತುಂಬುತ್ತಿತ್ತು, ಅಂಚು ಕುಸಿಯುತ್ತಿತ್ತು. ಮೇಲ್ಬೀದಿಯವರು ಹತ್ತಿ ಹೋಗಿ ಬಕೆಟ್ಟಿನಲ್ಲಿ ನೀರೆತ್ತಿ, ಕಲ್ಲು ಕಟ್ಟಿ ಬರುತ್ತಿದ್ದರು. ಕೆಲವರು ಅಮೆರಿಕಕ್ಕೆ ಹೋದರು, ಕೆಲವರು ಸತ್ತರು. ಕಡೆಗೆ ಉಳಿದದ್ದು ಸೊಂಟ ಬಿದ್ದ ಮಾರ್ಟಿ ಒಬ್ಬ. ಒಂದು ವರ್ಷ ಅವನು ಹತ್ತಿ ಹೋದಾಗ ಥೇಡಿ ಆಗಲೇ ಬಕೆಟ್ಟು ಹಿಡಿದು ಗುಂಡಿಯೊಳಗೆ ನಿಂತಿದ್ದ. ಇಬ್ಬರೂ ಒಂದು ಮಾತೂ ಆಡದೆ ನೀರೆತ್ತಿ, ಗುಡ್ಡದ ಬೇರೆ ಬೇರೆ ಬದಿಯಿಂದ ಇಳಿದು ಹೋದರು. ಅವರು ಅಲ್ಲಿ ಅಪ್ಪಿಕೊಂಡು ಅತ್ತರೆಂದು ಹೇಳುವವರೂ ಇದ್ದಾರೆ. ನಾನು ನಂಬುವುದಿಲ್ಲ. ಈ ಊರಿನ ಗಂಡಸರನ್ನು ನಾನು ಬಲ್ಲೆ.

ಡೀಲಿಯಾ ಹಾಸಿಗೆ ಹಿಡಿದಾಗ ಅವಳಿಗೆ ಗಂಡನ ಪಕ್ಕಕ್ಕೆ ಹೋಗುವ ಮನಸ್ಸಿತ್ತು ಎನ್ನುತ್ತಾರೆ. ಮಗಳಿಗೂ ಅದು ತಿಳಿದಿತ್ತು. ಹಾಗೆ ಹೋದರೆ ಗುಂಡಿಯನ್ನು ಬರಿದೆ ಮುಚ್ಚಬೇಕು, ಕೇಡು ಮಾರ್ಟಿಯ ಮನೆಗೆ. ಮಾರ್ಟಿಯೇ ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತ.

"ಒಂದು ಮಾತು ಹೇಳು, ಮುಚ್ಚಿಬಿಡ್ತೀನಿ. ಏನಾಗುತ್ತೋ ಆಗಲಿ. ನನಗೂ ವಯಸ್ಸಾಯ್ತು," ಎಂದ.

"ನಿನಗೆ ವಯಸ್ಸಾಯ್ತು. ಮನೇಲಿ ಮೊಮ್ಮಕ್ಕಳಿಲ್ಲವಾ?"

ಮಾರ್ಟಿ ಕೋಲನ್ನು ಇನ್ನೊಂದು ಕೈಗೆ ಬದಲಿಸಿದ.

"ಒಣಗಿದೆಯಾ?" ಎಂದು ಕೇಳಿದಳು.

"ಒಣಗಿದೆ."

"ಹಾಗಾದರೆ ಸರಿ," ಎಂದು ಗೋಡೆಯ ಕಡೆ ಮಗ್ಗುಲಾದಳಂತೆ.

ಅವಳನ್ನು ನೆತ್ತಿಯಲ್ಲೇ ಮಣ್ಣು ಮಾಡಿದರು. ಎರಡೂ ಬೀದಿಯವರು ಮಣ್ಣು ಹಾಕಿದರು. ಮುಂದಿನ ಚುನಾವಣೆಯಲ್ಲಿ ಎರಡೂ ಬೀದಿಯವರು ತಮ್ಮ ತಮ್ಮ ಪಕ್ಷಕ್ಕೇ ಓಟು ಹಾಕಿದರು.

ಇಂದು ಹೋದವರಿಗೆ ಕಾಣುವುದು ಇಷ್ಟು: ಬುಡದಲ್ಲಿ ಒಂದು ಟಾರ್ಪಿ ಕಲ್ಲು, ನೆತ್ತಿಯಲ್ಲಿ ಒಂದು ಟಾರ್ಪಿ ಕಲ್ಲು, ನಡುವೆ ಹುಲ್ಲು ಸವೆದ ಕಡಿದಾದ ಕಾಲುದಾರಿ. ಶನಿವಾರ ಹೋದರೆ ಡೀಲಿಯಾಳ ಮೊಮ್ಮಗಳು ಅಟ್ರಾಕ್ಟಾ ಸಿಗುತ್ತಾರೆ. ಈ ಕಥೆಯನ್ನು ನನಗೆ ಹೇಳಿದವರು ಅವರೇ. ಅವರಿಗೀಗ ಎಂಬತ್ತೊಂದು. ಒಂದೇ ಕಟ್ಟು ಹೂ ತಂದು, ಅರ್ಧ ಬುಡದಲ್ಲಿಟ್ಟು, ಉಳಿದರ್ಧ ಹಿಡಿದು ಹತ್ತುತ್ತಾರೆ. ಹೋದ ವಾರ ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದರು. ನಿಮ್ಮ ಅಜ್ಜಿ ದೊಡ್ಡ ಹೆಂಗಸು ಎಂದೆ ನಾನು.

"ದೊಡ್ಡವಳೇ," ಎಂದರು ಅಟ್ರಾಕ್ಟಾ. "ಹಟ ಮಾಡಿದ್ದು ಅವಳು, ಹತ್ತೋದು ನಾನು." ಆಮೇಲೆ ನನ್ನ ತೋಳು ಹಿಡಿದುಕೊಂಡು ಎದ್ದರು.