ಒಲೆಗುಂಡಿನ ಬೀದಿ

ಮತದಾರರ ಪಟ್ಟಿಯನ್ನು ಚಾವಡಿಯ ಗೋಡೆಗೆ ಅಂಟಿಸಿದ ದಿನ ಅದರಲ್ಲಿ ಕುಂಬಾರಕೇರಿಯ ಒಂದು ಹೆಸರೂ ಇರಲಿಲ್ಲ. ಹತ್ತೊಂಬತ್ತು ಮನೆ. ವಯಸ್ಸಿಗೆ ಬಂದವರು ಅರವತ್ತರ ಮೇಲೆ. ಒಬ್ಬರೂ ಇಲ್ಲ. ಓದು ಬಲ್ಲ ಸೂರಪ್ಪ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದ. ಕೇರಿಯ ಹಿರಿಯ ಕರಿಶೆಟ್ಟಿ ಮೂರನೆಯ ಸಲ ಓದಿಸಿದ.

ಇದು ಮಾಚನಕೆರೆ ಪಟ್ಟಣದ ಸಂಗತಿ. ಎಲ್ಲರಿಗೂ ಓಟು ಬಂದ ಹೊಸತು. ಪುರಸಭೆಗೆ ಅದು ಮೊದಲ ಚುನಾವಣೆ ಎನ್ನುತ್ತಾರೆ. ಪಟ್ಟಣದ ಪಡುವಣ ತುದಿಗೆ ಕುಂಬಾರಕೇರಿ, ಅದರಾಚೆ ಕೆರೆ. ಕೆರೆಯಂಗಳದ ಜೇಡಿಮಣ್ಣೇ ಕೇರಿಯ ಅನ್ನ. ಆ ಮಣ್ಣಿನ ಮೇಲೆ ಇಟ್ಟಿಗೆ ಗೂಡಿನ ನಂಜಪ್ಪನ ಕಣ್ಣು ಬಿದ್ದಿತ್ತು. ಕೆರೆ ಪುರಸಭೆಗೆ ಸೇರಿದ್ದು. ತಾನು ಗೆದ್ದರೆ ಕೆರೆಗೆ ಬೇಲಿ, ಮಣ್ಣೆಲ್ಲ ಗೂಡಿಗೆ ಎಂದು ಅವನು ಸಂತೆಯಲ್ಲಿ ನಿಂತು ಹೇಳಿದ್ದ. ಎದುರು ನಿಲ್ಲಲು ಸೂರಪ್ಪ ಒಪ್ಪಿದ್ದ. ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿ ನಿವೃತ್ತನಾದವನು, ಊರಿಗೆಲ್ಲ ಬೇಕಾದವನು. ಆದರೆ ಅವನ ಮನೆ ಬೇರೆ ವಾರ್ಡು. ಉಮೇದುವಾರಿಕೆಯ ಕಾಗದಕ್ಕೆ ಈ ವಾರ್ಡಿನ ಮತದಾರನೊಬ್ಬನ ರುಜು ಬೇಕು. ವಾರ್ಡಿನ ಅರ್ಧ ಜನ ನಂಜಪ್ಪನ ಗೂಡಿನಲ್ಲಿ ದುಡಿಯುವವರು, ಉಳಿದರ್ಧ ಅವನ ಮನೆಗಳಲ್ಲಿ ಬಾಡಿಗೆಗಿದ್ದವರು. ಓಟನ್ನು ಗುಟ್ಟಾಗಿ ಹಾಕಬಹುದು; ರುಜುವನ್ನು ಗುಟ್ಟಾಗಿ ಹಾಕಲಾಗದು. ಕುಂಬಾರರು ಯಾರಿಗೂ ಆಳಲ್ಲ, ಅವರಲ್ಲೊಬ್ಬರು ಹಾಕುತ್ತಾರೆ ಎಂದು ಸೂರಪ್ಪ ನಂಬಿದ್ದ. ಈಗ ಅವರು ಮತದಾರರೇ ಅಲ್ಲ. ಎದುರು ನಿಲ್ಲುವವರಿಲ್ಲದಿದ್ದರೆ ಓಟೇ ನಡೆಯುವುದಿಲ್ಲ. ನಂಜಪ್ಪ ಹಾಗೆಯೇ ಗೆದ್ದಂತೆ. ಮಣ್ಣು ಹೋದಂತೆ.

ಅಮಲ್ದಾರರು ತಕರಾರು ಕೇಳಲು ಚಾವಡಿಗೆ ಬಂದರು. ಕರಿಶೆಟ್ಟಿ ಒಂದು ಹೊರೆ ಕಾಗದ ಹೊತ್ತು ಬಂದ. ಮದುವೆಯ ಕರೆಯೋಲೆ, ಸಾವಿನ ಸುದ್ದಿ, ಪಲ್ಟನ್ನಿನಲ್ಲಿದ್ದ ಮಗ ಬರೆದ ಕಾರ್ಡುಗಳು, ಎಲ್ಲ.

"ಸ್ವಾಮಿ, ಮೇಲ್ಗಡೆ ಏನೈತೆ ಓದಿ."

"ಕುಂಬಾರಕೇರಿ, ಮಾಚನಕೆರೆ ಪಟ್ಟಣ," ಎಂದು ಅಮಲ್ದಾರರು ಓದಿದರು.

"ಪಟ್ಟಣ ಅಂತ ಐತಲ್ಲ."

"ಇದೆ. ಅಂಚೆ ಕಚೇರಿಯ ಎಲ್ಲೆ ಬೇರೆ, ಪುರಸಭೆಯ ಎಲ್ಲೆ ಬೇರೆ. ವಿಳಾಸ ನೋಡಿ ಅಂಚೆಯವನು ಬರುತ್ತಾನೆ. ಓಟಿಗೆ ನಾವು ಪುರಸಭೆಯ ಎಲ್ಲೆಕಲ್ಲು ನೋಡಬೇಕು."

"ಹಂಗಾದ್ರೆ ಅಂಚೆಯವನು ದಿನಾ ಪಟ್ಟಣ ಬಿಟ್ಟು ಹೊರಗೆ ಬತ್ತಾವ್ನಾ? ಪಾಪ, ಅವನಿಗೇ ಗೊತ್ತಿಲ್ಲ."

ಜನ ನಕ್ಕರು. ಅಮಲ್ದಾರರು ನಗಲಿಲ್ಲ. ಎದ್ದು ಕಲ್ಲು ನೋಡಲು ಹೊರಟರು.

ಎಲ್ಲೆಕಲ್ಲು ಕೇರಿಯ ಬಾಯಿಯಲ್ಲೇ ಇತ್ತು. ಕುಂಬಾರರು ಅದನ್ನು ಎಲ್ಲೆ ಎಂದು ಯಾವತ್ತೂ ನೋಡಿರಲಿಲ್ಲ. ಅದರ ಬುಡದಲ್ಲಿ ಮಣ್ಣು ತುಳಿಯುತ್ತಿದ್ದರು, ತಲೆಯ ಮೇಲೆ ಹಸಿ ಮಡಕೆ ಒಣಗಿಸುತ್ತಿದ್ದರು. ಅಂದೂ ಒಂದು ಮಡಕೆ ಕೂತಿತ್ತು. ಜವಾನ ಅದನ್ನು ಇಳಿಸಿದ. ಕೆರೆ ಏರಿಯ ಮೇಲಿನ ಇನ್ನೊಂದು ಕಲ್ಲಿಗೂ ಇದಕ್ಕೂ ಹಗ್ಗ ಹಿಡಿದು ಎಳೆದರು. ಹದಿನೆಂಟು ಮನೆಗಳು ಪೂರ್ತಿ ಆಚೆಗೆ ಬಿದ್ದವು. ಮೊದಲ ಮನೆಯೊಂದು ಹಗ್ಗದಡಿ ಸಿಕ್ಕಿತು. ಅದು ಚೌಡಮ್ಮನದು. ಗಂಡ ಸತ್ತವಳು, ಮಕ್ಕಳಿಲ್ಲ, ಕಾಳು ತುಂಬುವ ದೊಡ್ಡ ಗುಡಾಣಗಳನ್ನು ಮಾಡುವುದರಲ್ಲಿ ಕೇರಿಗೇ ಮೇಲು. ಮನೆಯ ಮುಖ ಪಟ್ಟಣದ ಕಡೆಗೆ. ಜಗಲಿ ಎಲ್ಲೆಯ ಒಳಗೆ, ಬಾಗಿಲಿನಿಂದ ಹಿಂದಕ್ಕೆ ಎಲ್ಲೆಯ ಹೊರಗೆ.

"ಜಗಲಿ ಮೇಲೆ ನಾಯಿನೂ ಮಲಗ್ತದೆ. ಅದಕ್ಕೂ ಓಟು ಬರೀತೀರಾ ಸ್ವಾಮಿ?" ಎಂದ ನಂಜಪ್ಪ.

ಈ ಸೀಮೆಯಲ್ಲಿ ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದರೂ ಒಲೆ ಎರಡಾದರೆ ಮನೆ ಎರಡು. ಪಾಲಿನ ವ್ಯಾಜ್ಯಗಳು ಆ ಲೆಕ್ಕದಲ್ಲೇ ತೀರುತ್ತಿದ್ದವು. ಅಮಲ್ದಾರರು ಅದನ್ನೇ ಹಿಡಿದರು.

"ಒಲೆ ಎಲ್ಲೋ ಮನೆ ಅಲ್ಲಿ. ಶಾನುಭೋಗರೇ, ಬರೆದುಕೊಳ್ಳಿ. ಏನಮ್ಮ, ನಿನ್ನ ಒಲೆ ಎಲ್ಲಿದೆ?"

"ಒಳಗೆ. ಹಿತ್ತಲ ಗೋಡೆ ಪಕ್ಕ."

ನಂಜಪ್ಪ ಎಲೆಅಡಿಕೆ ಬಾಯಿಗೆ ಹಾಕಿಕೊಂಡ. ಅವನ ಮಟ್ಟಿಗೆ ಮುಗಿದಿತ್ತು.

"ಮುಂದಕ್ಕೆ ತಂದ್ರೆ?" ಎಂದಳು ಚೌಡಮ್ಮ.

"ಪಟ್ಟಿ ಮುಚ್ಚಲು ಇನ್ನು ಇಪ್ಪತ್ತೊಂದು ದಿನ. ಅಷ್ಟು ದಿನವೂ ಎಲ್ಲೆಯ ಒಳಗೇ ಉರಿಯಬೇಕು, ಅಲ್ಲೇ ಬೇಯಿಸಿ ಅಲ್ಲೇ ಉಣ್ಣಬೇಕು. ಶಾನುಭೋಗರು ದಿನಾ ಮಧ್ಯಾಹ್ನ ಬಂದು ನೋಡುತ್ತಾರೆ. ಒಂದು ದಿನ ಆರಿದ್ದರೂ ಹೆಸರಿಲ್ಲ."

ಅತ್ತೆ ಹೂಡಿದ ಒಲೆಯನ್ನು ಸೊಸೆ ಕೀಳಬಾರದು ಎಂಬುದು ಕೇರಿಯ ನೇಮ. ಚೌಡಮ್ಮ ಹಾರೆ ಹಿಡಿದಾಗ ಕರಿಶೆಟ್ಟಿಯ ಹೆಂಡತಿ ಅಡ್ಡ ನಿಂತಳು. "ಕಿತ್ತ ಒಲೆ ಮನೆ ನಿಲ್ಲಿಸಲ್ಲ ಕಣೇ," ಎಂದಳು. "ಮಣ್ಣು ಹೋದ್ಮೇಲೆ ಯಾವ ಮನೆ ನಿಲ್ತದೆ ಅತ್ತೆಮ್ಮ?" ಎಂದು ಚೌಡಮ್ಮ ಒಲೆಯ ಮೂರು ಗುಂಡುಗಳನ್ನೂ ಕಿತ್ತಳು. ಜಗಲಿಯ ಮೇಲೆ ಹೂಡಿ, ಹಾಲು ಬಿಟ್ಟು, ಬೆಂಕಿ ಹಾಕಿದಳು. ಅಂದು ಮಧ್ಯಾಹ್ನ ಶಾನುಭೋಗರು ಬಂದು ಪುಸ್ತಕದಲ್ಲಿ ಬರೆದರು: ಒಲೆ ಉರಿಯುತ್ತಿದೆ.

ಮೊದಲ ವಾರ ಬರಿಯ ಮಾತು. ಗೂಡಿನ ಗಾಡಿಯವರು ಹೋಗುತ್ತ ಬರುತ್ತ, "ಏನಮ್ಮ, ಹೋಟ್ಲು ಇಟ್ಟೆಯಾ?" ಎನ್ನುತ್ತಿದ್ದರು. "ಇಟ್ಟೆ. ನಿಮ್ಮ ಯಜಮಾನನ್ನ ಬಿಟ್ಟು ಮಿಕ್ಕೋರಿಗೆಲ್ಲ ಊಟ ಐತೆ," ಎನ್ನುತ್ತಿದ್ದಳು. ಎಂಟನೆಯ ದಿನದಿಂದ ಅವಳಿಗೆ ಪಟ್ಟಣದಲ್ಲಿ ಯಾರೂ ಸೌದೆ ಮಾರಲಿಲ್ಲ. ಕುಂಬಾರರು ಮಡಕೆ ಸುಡುವ ಆವಿಗೆಗೆಂದು ಕೂಡಿಟ್ಟ ಕಟ್ಟಿಗೆ, ಬೆರಣಿ, ಹೊಟ್ಟು ಎಲ್ಲವನ್ನೂ ಅವಳ ಜಗಲಿಗೆ ಹೊತ್ತರು. ಆ ತಿಂಗಳು ಕೇರಿಯಲ್ಲಿ ಆವಿಗೆ ಹೊತ್ತಲಿಲ್ಲ. ಹಸಿ ಮಡಕೆಗಳು ಸಾಲಾಗಿ ಕೂತೇ ಇದ್ದವು. ಹನ್ನೊಂದನೆಯ ದಿನ ಯಾರದೋ ಎಮ್ಮೆಗಳು ಬೆದರಿ ಜಗಲಿಗೆ ನುಗ್ಗಿದವು. ಮಡಕೆ ಒಡೆಯಿತು, ಸಾರು ಚೆಲ್ಲಿತು. ಬೆಂಕಿ ಬದುಕಿತು. ಅವಳು ಹೆಚ್ಚು ನಿದ್ದೆ ಮಾಡಲಿಲ್ಲ ಎನ್ನುತ್ತಾರೆ. ಇರಬಹುದು.

ಹದಿನಾಲ್ಕನೆಯ ದಿನ ಬೆಳಿಗ್ಗೆಯೇ ಗಾಳಿ ಎದ್ದು ಜಗಲಿಯ ಮೇಲಿನ ಗರಿಯ ಚಪ್ಪರವನ್ನು ಎತ್ತಿ ಬೀದಿಗೆಸೆಯಿತು. ಹಿಂದೆಯೇ ಮಳೆ. ಕರಿಶೆಟ್ಟಿ ಕಂಬಳಿ ಹಿಡಿದು ನಿಂತ. ಕಂಬಳಿಯೇ ತೊಯ್ದು ಸುರಿಯತೊಡಗಿತು. ಚೌಡಮ್ಮ ಒಳಗೆ ಹೋದಳು. ಅವಳು ಮಾಡಿದ ಗುಡಾಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಆರು ತಿಂಗಳ ರಾಗಿ ಹಿಡಿಯುವಂಥದು, ಮೂಲೆಯಲ್ಲಿತ್ತು. ರಾಗಿಯನ್ನು ನೆಲಕ್ಕೆ ಸುರಿದು, ಒನಕೆಯಿಂದ ಅದರ ತಳಕ್ಕೆ ತೂತು ಕುಟ್ಟಿ, ಕರಿಶೆಟ್ಟಿಯೊಡನೆ ಹೊತ್ತು ತಂದು ಒಲೆಯ ಮೇಲೆ ಬೋರಲು ಹಾಕಿದಳು. ಮಧ್ಯಾಹ್ನ ಶಾನುಭೋಗರು ಕೊಡೆ ಹಿಡಿದು ಬಂದರು. ಜೊತೆಗೆ ನಂಜಪ್ಪನೂ ಬಂದಿದ್ದ. ಜಗಲಿಯ ಮೇಲೆ ಒಲೆಯಿಲ್ಲ, ಬೋರಲು ಬಿದ್ದ ಗುಡಾಣ ಮಾತ್ರ.

"ಬರೀರಿ ಸ್ವಾಮಿ, ಆರಿದೆ ಅಂತ," ಎಂದ ನಂಜಪ್ಪ.

ಶಾನುಭೋಗರು ಲೇಖನಿ ತೆಗೆದರು.

"ಬರೆಯೋ ಮುಂಚೆ ಬಗ್ಗಿ ನೋಡಿ," ಎಂದಳು ಚೌಡಮ್ಮ.

ಅವರು ಗುಡಾಣದ ತೂತಿಗೆ ಮುಖ ಕೊಟ್ಟು ಬಗ್ಗಿದರು. ಹುಬ್ಬು ಸುಟ್ಟಿತು. ಹಾಗೆಯೇ ಕಣ್ಣೊರೆಸಿಕೊಳ್ಳುತ್ತ ಬರೆದರು: ಒಲೆ ಉರಿಯುತ್ತಿದೆ.

ಇಪ್ಪತ್ತೊಂದನೆಯ ದಿನ ಅಮಲ್ದಾರರೇ ಬರುವವರಿದ್ದರು. ಬೆಳಗಾದಾಗ ಎಲ್ಲೆಕಲ್ಲು ತನ್ನ ಜಾಗದಲ್ಲಿರಲಿಲ್ಲ. ಎರಡು ಮಾರು ಪಟ್ಟಣದ ಕಡೆಗೆ ಸರಿದು, ಬೀದಿಯಲ್ಲಿ ವಾಲಿಕೊಂಡು ನಿಂತಿತ್ತು. ಹಳೆಯ ಗುಂಡಿಯನ್ನು ಮುಚ್ಚಿ ಮೇಲೆ ಸಗಣಿ ಸಾರಿಸಿದ್ದರು. ಈಗ ಹಗ್ಗ ಹಿಡಿದರೆ ಜಗಲಿಯೂ ಹೊರಗೆ.

ಅಮಲ್ದಾರರು ಮಧ್ಯಾಹ್ನಕ್ಕೆ ಬಂದರು. ಕೇರಿಯೆಲ್ಲ ಬೀದಿಯಲ್ಲಿ ನೆರೆದಿತ್ತು. ಗೂಡಿನ ಕೆಲಸದವರೂ ದೂರದಲ್ಲಿ ಬಂದು ನಿಂತಿದ್ದರು. ಕರಿಶೆಟ್ಟಿ ಕಲ್ಲಿನ ಬುಡದಿಂದ ಒಂದು ಹಿಡಿ ಮಣ್ಣು ಕೆದಕಿ ಅಂಗೈಯಲ್ಲಿ ಉಜ್ಜಿದ.

"ಸ್ವಾಮಿ, ಕಲ್ಲಿಗೆ ಅಂಟಿರೋದು ಕಪ್ಪು ಮಣ್ಣು. ಇಲ್ಲಿ ನೆಲ ಕೆಂಪು. ಕಪ್ಪು ಮಣ್ಣಿರೋದು ಅಲ್ಲಿ, ಜಗಲಿ ಮೂಲೇಲಿ. ಕಲ್ಲು ರಾತ್ರೋರಾತ್ರಿ ನಡೆದು ಬಂದೈತೆ."

"ಸರಿಸಿದ್ದನ್ನು ಕಂಡವರಿದ್ದಾರೆಯೇ?"

ಯಾರೂ ಮುಂದೆ ಬರಲಿಲ್ಲ. ಕಂಡವರು ಇದ್ದರು ಎನ್ನುತ್ತಾರೆ. ಅವರು ಗೂಡಿನ ಕೆಲಸದವರು.

"ಮಣ್ಣಿನ ಮಾತನ್ನು ನಾನು ಬರೆದುಕೊಳ್ಳಲು ಬರುವುದಿಲ್ಲ," ಎಂದರು ಅಮಲ್ದಾರರು. "ಕಲ್ಲು ಇಲ್ಲಿದೆ. ಸರ್ವೆಯವರನ್ನು ಕರೆಸಿ ಅಳೆಸಲು ತಿಂಗಳು ಹಿಡಿಯುತ್ತದೆ. ಪಟ್ಟಿ ಮುಚ್ಚುವುದು ಇಂದು."

ಶಾನುಭೋಗರು ಪುಸ್ತಕ ಬಿಚ್ಚಿದರು. ನಂಜಪ್ಪ ಕಲ್ಲಿನ ತಲೆಯ ಮೇಲೆ ಕೈಯಿಟ್ಟು ನಿಂತಿದ್ದ.

ಚೌಡಮ್ಮ ಉರಿಯುತ್ತಿದ್ದ ಒಲೆಯ ಮೇಲಿಂದ ಮುದ್ದೆಯ ಮಡಕೆ ಇಳಿಸಿದಳು. ಕೆಂಡವನ್ನೆಲ್ಲ ಒಡೆದ ಮಡಕೆಯ ದೊಡ್ಡ ಚೂರಿಗೆ ತೋಡಿಕೊಂಡಳು. ಮೂವತ್ತು ವರ್ಷ ಆವಿಗೆ ತೆಗೆದ ಕೈ. ಕಾದ ಗುಂಡುಗಳನ್ನು ಒದ್ದೆ ಗೋಣಿಯಲ್ಲಿ ಹಿಡಿದು ಒಂದೊಂದಾಗಿ ಎತ್ತಿದಳು. ಮೂರು ಸಲ ನಂಜಪ್ಪನ ಮುಂದೆ ಹಾದು ಹೋದಳು. ಕಲ್ಲನ್ನು ದಾಟಿ ನಾಲ್ಕು ಹೆಜ್ಜೆ, ನಡುಬೀದಿಯಲ್ಲಿ ಮೂರು ಗುಂಡುಗಳನ್ನಿಟ್ಟು, ಕೆಂಡ ಸುರಿದು, ಊದಿದಳು. ಹೊಗೆ ಬಂತು. ಬಹಳ ಹೊತ್ತು ಬರಿಯ ಹೊಗೆ. ಆಮೇಲೆ ಉರಿ ಹಿಡಿಯಿತು. ಮಡಕೆಯನ್ನು ಮೇಲಿಟ್ಟು ಮುದ್ದೆ ತಿರುವತೊಡಗಿದಳು.

"ಇದು ಬೀದಿ," ಎಂದರು ಅಮಲ್ದಾರರು.

"ಒಲೆ ಎಲ್ಲೋ ಮನೆ ಅಲ್ಲಿ ಅಂದೋರು ತಾವು."

"ಇದು ಇಂದು ಹೂಡಿದ ಒಲೆ. ಇಪ್ಪತ್ತೊಂದು ದಿನ ಆಗಿಲ್ಲ," ಎಂದ ನಂಜಪ್ಪ.

"ಗುಂಡು ಅವೇ, ಬೆಂಕಿ ಅದೇ," ಎಂದಳು ಚೌಡಮ್ಮ, ತಲೆಯೆತ್ತದೆ. "ನಿನ್ನೆವರೆಗೆ ಜಗಲಿ ಎಲ್ಲೆ ಒಳಗಿತ್ತು, ಬರೆದವ್ರೆ. ಇವತ್ತು ಇದು ಒಳಗೈತೆ. ಆರಿಲ್ಲ. ಬೇಕಾದ್ರೆ ಮುಟ್ಟಿ ನೋಡಪ್ಪ."

ಅಮಲ್ದಾರರು ಶಾನುಭೋಗರ ಪುಸ್ತಕ ಕೇಳಿ ತೆಗೆದುಕೊಂಡರು. ಮೊದಲ ದಿನ ತಾವೇ ಬರೆಸಿದ್ದನ್ನು ಓದಿದರು. ಅದರಲ್ಲಿ ಗೋಡೆಯ ಮಾತಿರಲಿಲ್ಲ, ಸೂರಿನ ಮಾತಿರಲಿಲ್ಲ. ಒಲೆಯದೊಂದೇ ಇತ್ತು. ಇಪ್ಪತ್ತು ದಿನದ ಬರಹ ಕೆಳಗಿತ್ತು. ಅವರು ಪುಸ್ತಕವನ್ನು ಹಿಂದಕ್ಕೆ ಕೊಟ್ಟರು.

"ಅವಳು ಉಣ್ಣಲಿ," ಎಂದರು.

ಚೌಡಮ್ಮ ನಡುಬೀದಿಯಲ್ಲಿ ಕೂತು, ಎಲ್ಲರೂ ನೋಡುತ್ತಿರುವಂತೆ ಒಂದು ಮುದ್ದೆ ಉಂಡಳು. ಆಮೇಲೆ ಅವಳ ಹೆಸರು ಬರೆದರು. ಮನೆಯ ವಿಳಾಸ ಕೇಳುವ ಜಾಗದಲ್ಲಿ ಶಾನುಭೋಗರಿಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಕಂಡದ್ದನ್ನು ಬರೆದರು: ಬೀದಿಯ ನಡುವೆ ಮೂರು ಒಲೆಗುಂಡು.

ಮರುದಿನ ಸೂರಪ್ಪನ ಕಾಗದಕ್ಕೆ ಅವಳು ಹೆಬ್ಬೆಟ್ಟು ಒತ್ತಿದಳು. ಒಲೆಯ ಮಸಿಯಲ್ಲೇ ಒತ್ತಿದಳು ಎನ್ನುತ್ತಾರೆ, ನಾನು ನಂಬುವುದಿಲ್ಲ. ಚುನಾವಣೆ ನಡೆಯಿತು. ಸೂರಪ್ಪನಿಗೆ ನೂರ ಎಂಬತ್ತೊಂದು ಓಟು, ನಂಜಪ್ಪನಿಗೆ ನೂರ ಹನ್ನೆರಡು. ಗೂಡಿನ ಕೆಲಸದವರು ಯಾರಿಗೆ ಹಾಕಿದರು ಎಂದು ಯಾರೂ ಕೇಳಲಿಲ್ಲ. ಕೆರೆಗೆ ಬೇಲಿ ಬೀಳಲಿಲ್ಲ. ಚೌಡಮ್ಮ ಸಾಯುವವರೆಗೆ ವರ್ಷಕ್ಕೊಂದು ದಿನ ನಡುಬೀದಿಯ ಆ ಗುಂಡುಗಳ ನಡುವೆ ಒಲೆ ಹೊತ್ತಿಸುತ್ತಿದ್ದಳು. ಪಟ್ಟಿಯಲ್ಲಿದ್ದ ಮನೆಯನ್ನು ಕೀಳುವ ಧೈರ್ಯ ಪುರಸಭೆಗೆ ಬರಲಿಲ್ಲ. ಆಮೇಲೆ ಅದು ಅಭ್ಯಾಸವಾಯಿತು.

ಈಗ ಬಂದವರು ನೋಡುವುದು ಇಷ್ಟು. ಒಲೆಗುಂಡಿನ ಬೀದಿಯ ಪಡುವಣ ತುದಿಯಲ್ಲಿ ರಸ್ತೆ ಎರಡಾಗಿ ಒಡೆದು, ಮೂರು ಕರಿಯ ಗುಂಡುಗಳನ್ನು ಬಳಸಿ, ಮತ್ತೆ ಒಂದಾಗುತ್ತದೆ. ಡಾಂಬರು ಹಾಕುವಾಗಲೂ ಅವನ್ನು ಬಿಟ್ಟು ಹಾಕಿದ್ದಾರೆ. ನಾಲ್ಕು ಹೆಜ್ಜೆ ಆಚೆ ಎಲ್ಲೆಕಲ್ಲು ವಾಲಿಕೊಂಡೇ ಇದೆ. ಅದರ ತಲೆಯ ಮೇಲೆ ಒಂದೊಂದು ಸಲ ಹಸಿ ಮಡಕೆ ಇರುತ್ತದೆ. ಕುಂಬಾರರು ಕೆರೆಯ ಮಣ್ಣನ್ನೇ ಹೊರುತ್ತಾರೆ. ಕೇರಿಯ ಮನೆಗಳೆಲ್ಲ ಇಂದಿಗೂ ಎಲ್ಲೆಯ ಆಚೆಗಿವೆ. ಅವರಿಗೆ ಪುರಸಭೆಯ ಓಟಿಲ್ಲ. ಅವರ ಕಾಗದಗಳು ಮಾಚನಕೆರೆ ಪಟ್ಟಣದ ವಿಳಾಸಕ್ಕೇ ಬರುತ್ತವೆ.